ಹಾಲಿನ ಮೂಲೆಯ ಹಿಂಗೋಡೆ

ಕೋತಗಿರಿ ಹತ್ತಿರದ ಹಟ್ಟಿಯಿಂದ
6 ಅಕ್ಟೋಬರ್ 2024

ಅಕ್ಕಾ,

ಫೋನಿನಲ್ಲಿ ಹೇಳಬಹುದಾದ್ದನ್ನು ಇವಳು ಕಾಗದದಲ್ಲಿ ಏಕೆ ಬರೆಯುತ್ತಿದ್ದಾಳೆ ಎಂದು ನೀನು ಗಲ್ಲಾದ ಹಿಂದೆ ಕೂತು ನಗುತ್ತೀಯ, ಗೊತ್ತು. ನಗು. ನಾನು ಬಾಡಿಗೆಗೆ ಹಿಡಿದಿರುವುದು ಬಡಗರ ಹಳೇ ಸಾಲುಮನೆಗಳಲ್ಲಿ ಒಂದನ್ನು. ಒಂದಕ್ಕೊಂದು ಅಂಟಿಕೊಂಡ ಮನೆಗಳು. ನಾನು ಇಲ್ಲಿ ಸೀನಿದರೆ ಪಕ್ಕದ ಮನೆಯ ವಯಸ್ಸಾದ ಮಲ್ಲಿಯಮ್ಮ ಅಲ್ಲಿಂದ ಏನೋ ಅನ್ನುತ್ತಾರೆ. ನಮ್ಮ ಕನ್ನಡ ಇವರ ಬಡಗ ಮಾತಿಗೆ ಎಷ್ಟು ಹತ್ತಿರವೆಂದರೆ, ಫೋನಿನಲ್ಲಿ ನಿನ್ನ ಹತ್ತಿರ ಇವರ ಸುದ್ದಿ ಎತ್ತುವ ಹಾಗೇ ಇಲ್ಲ. ಅದಕ್ಕೇ ಕಾಗದ.

ಮನೆ ಎರಡು ಭಾಗ. ಮುಂಭಾಗದಲ್ಲಿ ನನ್ನ ಹಾಸಿಗೆ, ಒಲೆ. ಒಳಮನೆಯಲ್ಲಿ ಅಣಬೆ. ಊಟಿಯಲ್ಲಿ ತರಬೇತಿ ಕೊಟ್ಟರಲ್ಲ, ಹಾಗೇ ಹುಲ್ಲು ನೆನೆಸಿ, ಬೇಯಿಸಿ, ಚೀಲಕ್ಕೆ ತುಂಬಿ ಬೀಜ ಹಾಕಿ ತೂಗಿಬಿಟ್ಟಿದ್ದೇನೆ. ಚೀಲಗಳು ಬೆಳ್ಳಗಾಗುತ್ತಿವೆ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ನೋಡುತ್ತೇನೆ, ನೋಡಬಾರದು ಎಂದು ಗೊತ್ತಿದ್ದೂ.

ತೊಂದರೆ ಒಂದೇ, ವಾಸನೆ. ನೆನೆದ ಹುಲ್ಲಿನ ಹುಳಿ ನಾತ, ಅದರ ಮೇಲೆ ಕೆಟ್ಟ ಚೀಲ ಒಂದಿದ್ದರೆ ಮುಗಿಯಿತು. ಒಳಮನೆಗೆ ಕಿಟಕಿ ಇಲ್ಲ. ಮನೆಯ ಯಜಮಾನ ಭೋಜನ್ ಒಳ್ಳೆಯವರೇ. ಮೇಲೆ ರಸ್ತೆ ಪಕ್ಕ ತಾರಸಿ ಮನೆ ಕಟ್ಟಿಕೊಂಡು ಹೋಗಿದ್ದಾರೆ. ಆದರೆ ಬೀಗದ ಕೈ ಕೊಡುವಾಗ, "ಸಾಲಿನವರು ಒಂದು ಮಾತು ಅಂದರೂ ನಾನು ತಡೆಯೋಕಾಗಲ್ಲ ಮೇಡಂ" ಅಂದಿದ್ದಾರೆ. ಇವರ ಕುಲದೇವಿ ಹೆತ್ತೆಯ ಹಬ್ಬ ಬರುವುದರೊಳಗೆ ಈ ಕೋಣೆ ನಾತ ಬಿಡದೆ ಉಸಿರಾಡುವಂತಾಗಬೇಕು. ಇಲ್ಲದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು.

ಫ್ಯಾನು ಪೈಪು ಮಾರುವವಳು ನೀನು. ಏನು ಮಾಡಲಿ, ಹೇಳು.

ನಿನ್ನ ಗೀತಾ


ಗೂಡಲೂರು
13 ಅಕ್ಟೋಬರ್ 2024

ಗೀತಾ,

ನಕ್ಕೆ. ನೀನು ಹೇಳಿದೆಯೆಂದಲ್ಲ, ತಾನಾಗಿ ಬಂತು. ಲವ್‌ಡೇಲ್‌ನಲ್ಲಿ ಶಾಲೆಯ ಉಗ್ರಾಣ ನೋಡಿಕೊಂಡು ನೆರಳಲ್ಲಿದ್ದವಳು, ಆ ಕೆಲಸಕ್ಕೆ ಎಳ್ಳುನೀರು ಬಿಟ್ಟು ಕಿಟಕಿಯಿಲ್ಲದ ಕೋಣೆಯಲ್ಲಿ ಹುಲ್ಲು ಬೇಯಿಸುತ್ತಿದ್ದೀಯ. ಪೊಂಗಲ್ ಹೊತ್ತಿಗೆ ಗೂಡಲೂರಿಗೆ ವಾಪಸ್ ಬರುತ್ತೀಯ ಎಂದು ಆಗಲೇ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅಪ್ಪ ಗುಂಡ್ಲುಪೇಟೆಯಿಂದ ಬಂದು ಹಾಕಿದ ಅಂಗಡಿ ಇದೆ, ಮೇಲೆ ಕೋಣೆ ಇದೆ, ನಾನಿದ್ದೇನೆ. ಆಯಿತು, ಬೈದು ಮುಗಿಯಿತು. ಕೆಲಸಕ್ಕೆ ಬರೋಣ.

ಆರಿಂಚಿನ ಫ್ಯಾನು, ಮಡಚುವ ಪೈಪು, ಒಂದು ಮೂಟೆ ಚಿರಟೆ ಇದ್ದಿಲು ಬಸ್ಸಿಗೆ ಹಾಕಿದ್ದೇನೆ. ಚಿರಟೆ ಅಂದರೆ ತೆಂಗಿನ ಕರಟ, ನಮ್ಮ ಮಲಯಾಳಿ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ನನಗೂ ಅದೇ ಬರುತ್ತದೆ. ಇದ್ದಿಲನ್ನು ಮೆಣಸಿನ ಕಾಳಿನಷ್ಟು ಕುಟ್ಟು. ಪುಡಿ ಜರಡಿ ಹಿಡಿದು ಬಿಸಾಡು. ಎರಡು ಜಾಲರಿ ನಡುವೆ ತುಂಬಿ ಮರದ ಪೆಟ್ಟಿಗೆ ಮಾಡಿಸು. ಕೋಣೆಯ ಗಾಳಿ ಮೊದಲು ಇದ್ದಿಲಿನೊಳಗೆ ನುಗ್ಗಬೇಕು, ಆಮೇಲೆ ಫ್ಯಾನಿಗೆ, ಆಮೇಲೆ ಪೈಪಿನಲ್ಲಿ ಹೊರಗೆ. ತಿರುವುಮುರುವು ಮಾಡಬೇಡ. ಹೊಸ ಗಾಳಿ ಬಾಗಿಲ ಬುಡದಿಂದ ಬರಲಿ, ಅಲ್ಲಿ ನೊಣ ಬಾರದ ಹಾಗೆ ಬಟ್ಟೆ ಕಟ್ಟು. ಹಳೇ ಗಾಳಿ ಎದುರು ಗೋಡೆಯ ಎತ್ತರದಿಂದ ಹೋಗಲಿ. ಎದುರು ಗೋಡೆ ಅಂದರೆ ಮನೆಯ ಹಿಂಗೋಡೆ ತಾನೆ? ಒಂದು ತೂತು ಹೊಡೆಸು, ಅಷ್ಟೆ. ಒಬ್ಬ ಮುದುಕಿಗೆ ಹೆದರಿ ಪಿಸುಗುಟ್ಟಿಕೊಂಡು ಬದುಕುವವಳು ನೀನಲ್ಲ.

ಸರ್ವಮಂಗಳ


ಹಟ್ಟಿಯಿಂದ
29 ಅಕ್ಟೋಬರ್ 2024

ಅಕ್ಕಾ,

ಹಿಂಗೋಡೆಗೆ ತೂತು ಹೊಡೆಸು ಅಂತ ನೀನು ಅಲ್ಲಿ ಕೂತು ಸಲೀಸಾಗಿ ಬರೆದೆ. ಹಿಂಗೋಡೆಗೆ ಅಂಟಿಕೊಂಡೇ ಒಳಮನೆಯ ಕೊನೆಯಲ್ಲಿ ಇವರ ಹಾಲಿನ ಮೂಲೆ ಇದೆ. ಹಾಗೊಟ್ಟು ಅನ್ನುತ್ತಾರೆ. ಎಮ್ಮೆ ಕರೆದ ಹಾಲು, ಮಜ್ಜಿಗೆಯ ಗಡಿಗೆ ಇಡುತ್ತಿದ್ದ ಜಾಗ. ಗಂಡಸರೇ ಒಳಗೆ ಹೋಗಬೇಕು, ಹೆಂಗಸರು ಕಾಲಿಡುವ ಹಾಗಿಲ್ಲ. ಈಗ ಈ ಮನೆಗೆ ಎಮ್ಮೆಯೂ ಇಲ್ಲ, ಹಾಲೂ ಇಲ್ಲ. ಒಂದು ಹಳೇ ಬಿದಿರಿನ ಹಾಲುಕೊಳವೆ, ಒಂದು ಗಡಿಗೆ ಮಾತ್ರ ಇವೆ. ಆದರೂ ಭೋಜನ್ ಮನೆ ಕೊಡುವಾಗ ಹಾಕಿದ ಒಂದೇ ಷರತ್ತು ಅದು: ಆ ಮೂಲೆಯ ಬಾಗಿಲು ಮುಟ್ಟಬೇಡಿ.

ಅದಕ್ಕೇ ನಾನು ಪೈಪನ್ನು ಅಟ್ಟಕ್ಕೆ ಬಿಟ್ಟೆ. ಹೆಂಚಿನ ಸಂದಿಯಿಂದ ಗಾಳಿ ಹೋಗುತ್ತದೆ ಎಂದುಕೊಂಡೆ. ಫ್ಯಾನ್ ಹಾಕಿದೆ, ಸುಯ್ಯೆಂದು ತಿರುಗಿತು, ನಿನ್ನನ್ನು ಹೊಗಳಿಕೊಂಡೆ. ಸ್ವಲ್ಪ ಹೊತ್ತಿಗೆ ಮಲ್ಲಿಯಮ್ಮ ಬಾಗಿಲಲ್ಲಿ ನಿಂತಿದ್ದರು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಏನ ನಾತ ಇದು, ಅಮ್ಮೆ?" ಅಂದರು. ಟಾರ್ಚ್ ಹಿಡಿದು ಅಟ್ಟ ಹತ್ತಿ ನೋಡುತ್ತೇನೆ, ಗೋಡೆಗಳು ಅರ್ಧಕ್ಕೇ ನಿಂತಿವೆ! ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಅಟ್ಟ ಒಂದೇ. ನನ್ನ ಕೋಣೆಯ ಗಾಳಿಯನ್ನೆಲ್ಲಾ ನಾನು ನೇರವಾಗಿ ಅವರ ಅಡುಗೆಮನೆಗೆ ಸುರಿದಿದ್ದೆ. ನಾಚಿಕೆಯಿಂದ ಅಲ್ಲೇ ಕೂತುಬಿಟ್ಟೆ.

ನಿನ್ನ ಇದ್ದಿಲು ಮೊದಲೆರಡು ದಿನ ಮಾತ್ರ ಕೆಲಸ ಮಾಡಿತು. ಈಗ ಬೆಕ್ಕು ನೆಕ್ಕಿದ ಹಾಗೆ ಒದ್ದೆಯಾಗಿ ಕೂತಿದೆ. ಇಲ್ಲಿ ಮಳೆ ನಿಂತರೆ ಮಂಜು, ಮಂಜು ಹೋದರೆ ಮಳೆ. ಮಲ್ಲಿಯಮ್ಮ ದಿನಾ ಒಂದು ಲೋಟ ಮಜ್ಜಿಗೆ ತಂದುಕೊಡುತ್ತಿದ್ದರು. ಈಗ ಅದು ನಿಂತಿದೆ. ಅದೇ ನನಗೆ ಭಯ.

ಗೀತಾ


ಗೂಡಲೂರು
5 ನವೆಂಬರ್ 2024

ಗೀತಾ,

ನಿನ್ನ ಮಂಜು ನನ್ನ ಇದ್ದಿಲನ್ನು ತಿಂದುಹಾಕಿದೆ. ಇಲ್ಲಿ ಬಿಸಿಲು ಬಡಿಯುತ್ತದೆ, ನನಗೆ ಹೊಳೆಯಲೇ ಇಲ್ಲ. ತಪ್ಪು ನನ್ನದೇ, ಬರೆದಿಟ್ಟುಕೋ, ಮತ್ತೆ ಮತ್ತೆ ಒಪ್ಪಿಕೊಳ್ಳುವವಳಲ್ಲ.

ಒದ್ದೆ ಇದ್ದಿಲು ನಾತ ಹಿಡಿಯುವುದಿಲ್ಲ. ಎರಡು ಪೆಟ್ಟಿಗೆ ಮಾಡಿಸು. ಒಂದು ಕೆಲಸದಲ್ಲಿರಲಿ, ಇನ್ನೊಂದು ಒಲೆಯ ಮೇಲೆ ಒಣಗಲಿ. ನಿನ್ನ ಗ್ಯಾಸ್ ಒಲೆಯಲ್ಲಿ ಆಗದು, ಸೌದೆ ಒಲೆ ಬೇಕು. ಆ ಸಾಲಿನಲ್ಲಿ ಸೌದೆ ಒಲೆ ಯಾರ ಮನೆಯಲ್ಲಿ ಉರಿಯುತ್ತದೆ? ಅದೇ ಮುದುಕಿಯ ಮನೆಯಲ್ಲಿರಬೇಕು. ಹೋಗಿ ಕೇಳು. ಮಜ್ಜಿಗೆ ನಿಂತಿತು ಅಂತ ಅಳುತ್ತಾ ಕೂರುವುದಕ್ಕಿಂತ ಅದು ಮೇಲು. ಪೈಪನ್ನು ಮುಂಬಾಗಿಲ ಮೇಲಿಂದ ಅಂಗಳಕ್ಕೆ ತೆಗೆಯಲು ಆಗುತ್ತದಾ ನೋಡು.

ಬೆಳೆ ಹೇಗಿದೆ? ಅದರ ಬಗ್ಗೆ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮುದುಕಿಗೆ ಕೇಳಿಸಬಾರದು, ಸರಿ. ಬಸ್ ಸ್ಟ್ಯಾಂಡಿಗೆ ಬಂದಾಗಲಾದರೂ ಮಾಡಬಹುದಲ್ಲ?

ಸರ್ವಮಂಗಳ


ಹಟ್ಟಿಯಿಂದ
17 ನವೆಂಬರ್ 2024

ಅಕ್ಕಾ,

ಎಲ್ಲ ಸರಿಹೋಯಿತು. ಮಲ್ಲಿಯಮ್ಮನ ಒಲೆಯ ಮೇಲಿನ ಹಲಗೆಯಲ್ಲಿ ನಮ್ಮ ಇದ್ದಿಲು ಒಣಗುತ್ತಿದೆ. ಕೇಳಿದ್ದಕ್ಕೆ ಹಲಗೆಯ ಮೇಲಿದ್ದ ಸೌದೆ ಸರಿಸಿ ಜಾಗ ಮಾಡಿದರು. ಅಂಗಳದ ಕಡೆ ಪೈಪು ಬೇಡ, ಅಲ್ಲಿ ಸಾಲಿನವರೆಲ್ಲ ಕೂರುತ್ತಾರೆ. ಈಗ ವಾಸನೆ ಒಂದಿಷ್ಟೂ ಇಲ್ಲ. ಯಾರೂ ಏನೂ ಅಂದಿಲ್ಲ.

ಬೆಳೆಯ ಸುದ್ದಿ ಕೇಳಿದೆಯಲ್ಲ, ಭರ್ಜರಿ! ಗೊಂಚಲು ಗೊಂಚಲಾಗಿ ಬಂದಿವೆ. ಕಾಂಡ ನನ್ನ ನಡುಬೆರಳಿಗಿಂತ ಉದ್ದ, ಕೊಕ್ಕರೆ ಕತ್ತಿನ ಹಾಗೆ. ಕೊಡೆ ಮಾತ್ರ ಚಿಕ್ಕದು ಅಂತ ಊಟಿಯ ಹೋಟೆಲಿನವನು ಗೊಣಗಿದ. ಅವನಿಗೆ ಗೊಣಗುವುದೇ ಕೆಲಸ. ಬೆಳಗ್ಗೆ ಕೋಣೆಯೊಳಗೆ ಹೋದರೆ ಚೀಲದ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಎಲ್ಲದರ ಮೇಲೂ ಬೆಳ್ಳನೆ ಪುಡಿ ಕೂತಿರುತ್ತದೆ. ಹೊಸ ಮನೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ನಾನು ಬೆಳೆಸಿದ್ದು ಎಂದು ನಿಂತು ನೋಡುತ್ತೇನೆ. ಉಗ್ರಾಣದಲ್ಲಿದ್ದಾಗ ಬೇರೆಯವರ ಅಕ್ಕಿ ಬೇಳೆ ಅಳೆದವಳು ನಾನು. ಇದು ನನ್ನದು ಅಕ್ಕಾ.

ಫೋನು ಹಾಳಾಗಿದೆ, ಅದಕ್ಕೇ ಎತ್ತುತ್ತಿಲ್ಲ.

ಗೀತಾ


ಗೂಡಲೂರು
24 ನವೆಂಬರ್ 2024

ಗೀತಾ,

ಫೋನು ಹಾಳಾಗಿಲ್ಲ. ಪೂರ್ತಿ ಹೊಡೆದುಕೊಂಡು ನಿಲ್ಲುತ್ತದೆ. ಹಾಳಾದ ಫೋನು ಹಾಗೆ ಮಾಡುವುದಿಲ್ಲ.

ನಿನ್ನ ಕಾಗದವನ್ನು ಪಂದಲೂರಿನ ಸೆಂಥಿಲ್‌ಗೆ ಓದಿ ಹೇಳಿದೆ. ನಮ್ಮ ಅಂಗಡಿಯ ಗಿರಾಕಿ, ತುಂಬಾ ದಿನದಿಂದ ಅಣಬೆ ಬೆಳೆಯುವವನು. ಕೊಕ್ಕರೆ ಕತ್ತು ಎಂದು ಓದುವಾಗಲೇ ನನ್ನನ್ನು ತಡೆದು, "ಫ್ಯಾನ್ ಓಡ್ತಾ ಇಲ್ಲ ಅಕ್ಕಾ" ಅಂದ. ಗಾಳಿ ಸಿಗದಿದ್ದರೆ ಅಣಬೆ ಕತ್ತು ಉದ್ದ ಮಾಡುತ್ತದಂತೆ, ಕೊಡೆ ಬಿಚ್ಚುವುದಿಲ್ಲವಂತೆ. ರೆಕ್ಕೆಯ ಮೇಲೆ ಪುಡಿ ಕೂರಬೇಕಾದರೆ ಆ ಫ್ಯಾನು ಎಷ್ಟು ದಿನದಿಂದ ಸುಮ್ಮನಿದೆ ಗೀತಾ? ನಾತ ಇಲ್ಲ ಎಂದು ಬರೆದೆಯಲ್ಲ, ಇಲ್ಲದೆ ಏನು. ಎಲ್ಲವನ್ನೂ ಒಳಗೇ ಮುಚ್ಚಿಟ್ಟುಕೊಂಡಿದ್ದೀಯ.

ಆ ಬಿಳಿ ಪುಡಿ ಸುಣ್ಣವಲ್ಲ. ಅಣಬೆ ಉದುರಿಸುವ ಬೀಜದ ಧೂಳು. ಅದು ಎದೆಯೊಳಗೆ ಇಳಿದರೆ ಕೆಮ್ಮು, ಜ್ವರ, ಆಮೇಲೆ ಮೆಟ್ಟಿಲು ಹತ್ತಲೂ ಏದುಸಿರು. ಸೆಂಥಿಲ್‌ನ ಹೆಂಡತಿಗೆ ಆಗಿತ್ತಂತೆ. ಅವಳು ಈಗ ಕೋಣೆಯೊಳಗೆ ಹೋಗುವುದೇ ಇಲ್ಲ.

ಹೊರಗೆ ಹೋಗುವ ಗಾಳಿಯ ಬಗ್ಗೆ ನಾನು ಅಷ್ಟುದ್ದ ಬರೆದೆ. ನಿನ್ನೊಳಗೆ ಹೋಗುವ ಗಾಳಿಯ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ. ನಿನಗೆ ಕೆಮ್ಮಿದೆಯಾ? ಅದಕ್ಕೇ ಫೋನ್ ಎತ್ತುತ್ತಿಲ್ಲವಾ? ನಿಜ ಹೇಳು. ಇಲ್ಲ, ಹೇಳಬೇಡ, ಹೊರಟು ಬಾ.

ಅಕ್ಕ


ಹಟ್ಟಿಯಿಂದ
4 ಡಿಸೆಂಬರ್ 2024

ಅಕ್ಕಾ,

ಹೌದು, ಫ್ಯಾನ್ ನಿಲ್ಲಿಸಿದ್ದೇನೆ. ಹೌದು, ಕೆಮ್ಮಿದೆ. ಈ ಚಳಿಯಲ್ಲಿ ಯಾರಿಗಿಲ್ಲ? ಅಣಬೆ ಕೊಯ್ದ ದಿನ ಸಂಜೆ ಮೈ ಬೆಚ್ಚಗಾಗುತ್ತದೆ, ಮಾರನೇ ದಿನ ಇರುವುದಿಲ್ಲ. ಅದಕ್ಕೆ ನೀನು ಊರಿಗೆಲ್ಲ ನನ್ನ ಕಾಗದ ಓದಿ ಹೇಳಬೇಕಾಗಿರಲಿಲ್ಲ.

ಹಬ್ಬ ಹತ್ತಿರ ಬಂತು. ಎಲ್ಲರ ಮನೆಯಲ್ಲೂ ಬಿಳಿ ಬಟ್ಟೆ ಒಗೆದು ಮಡಿಸಿಟ್ಟಿದ್ದಾರೆ. ಮಲ್ಲಿಯಮ್ಮ ಬೆಳಗಾದರೆ ನೆಲ ಸಾರಿಸುತ್ತಾರೆ. ಇಂಥ ಹೊತ್ತಿನಲ್ಲಿ ಅಟ್ಟದ ತುಂಬ ನನ್ನ ಹುಲ್ಲಿನ ನಾತ ಬಿಡಲಾ? ಹಬ್ಬ ಕಳೆಯುವವರೆಗೆ ತಡೆದುಕೊಂಡರೆ ಆಯಿತು. ಆಮೇಲೆ ಭೋಜನ್ ಹತ್ತಿರ ಮಾತಾಡಿ ಬೇರೆ ದಾರಿ ಹುಡುಕುತ್ತೇನೆ.

ಪೊಂಗಲ್ ಹೊತ್ತಿಗೆ ಬರುತ್ತೀಯ ಎಂದು ಬರೆದಿದ್ದೆಯಲ್ಲ, ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತದೆ. ನಿನಗೆ ನಾನು ಸೋತು ಬರಬೇಕು, ಅಂಗಡಿಯಲ್ಲಿ ಮೊಳೆ ತೂಗುತ್ತಾ ಕೂರಬೇಕು. ನಾನು ಬರುವುದಿಲ್ಲ. ಇಲ್ಲಿ ಯಾರಿಗೂ ಫೋನ್ ಮಾಡಬೇಡ. ಇದು ನನ್ನ ಕೆಲಸ, ನಾನೇ ನೋಡಿಕೊಳ್ಳುತ್ತೇನೆ.

ಗೀತಾ


ಹಟ್ಟಿಯಿಂದ
16 ಡಿಸೆಂಬರ್ 2024

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಸಿಟ್ಟಾಗಿದ್ದೀಯ. ಆಗು, ಆದರೆ ಇದನ್ನು ಓದು.

ಭೋಜನ್ ನಿನ್ನೆ ಬಂದಿದ್ದರು. ಹೊಸಿಲ ಹೊರಗೇ ನಿಂತು, ನನ್ನ ಮುಖ ನೋಡದೆ, "ಹಬ್ಬಕ್ಕ ಮುಂಚೆ ಒಳಮನೆ ಕಾಲಿ ಮಾಡಿಬುಡಿ ಮೇಡಂ. ಎಂಗ ಮನೆ ಅದು" ಅಂದರು. ಯಾಕೆ ಅಂತ ಕೇಳಿದೆ. "ಹಬ್ಬ ಅಲ್ಲವಾ" ಅಂದರು. ಅಷ್ಟೆ. ಫ್ಯಾನ್ ನಿಲ್ಲಿಸಿ, ಬಾಗಿಲಿಗೆ ಗೋಣಿ ಕಟ್ಟಿ, ಉಸಿರು ಬಿಗಿಹಿಡಿದು ಕೂತಿದ್ದೆನಲ್ಲ ಅಕ್ಕಾ. ಇನ್ನು ಯಾವ ನಾತ ಉಳಿದಿತ್ತು ಇವರಿಗೆ?

ಇದು ಮಲ್ಲಿಯಮ್ಮನ ಕೆಲಸವೇ. ಬೇರೆ ಯಾರು ಹೇಳುತ್ತಾರೆ? ಸೀದಾ ಅವರ ಮನೆಗೆ ಹೋಗಿ ಒಲೆಯ ಮೇಲಿನ ಇದ್ದಿಲ ಪೆಟ್ಟಿಗೆ ಎತ್ತಿಕೊಂಡೆ. ಅವರು ರಾಗಿ ಕೇರುತ್ತಿದ್ದರು. "ಒಳ್ಳೆಂಗೆ ಇದ್ದಿಯಾ?" ಅಂತ ಎಂದಿನ ಹಾಗೆ ಕೇಳಿದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಮನೆಯಲ್ಲಿ ಎಮ್ಮೆ ಇಲ್ಲ, ತೊಟ್ಟು ಹಾಲಿಲ್ಲ, ಖಾಲಿ ಮೂಲೆಗೆ ಕಾವಲು ಕೂತುಕೊಂಡು ಬದುಕಿರುವವಳ ಬಾಯಿಗೆ ಮಣ್ಣು ಹಾಕುತ್ತೀರಲ್ಲಾ ಅಂದುಬಿಟ್ಟೆ. ಕೂಗಿಯೇ ಅಂದೆ. ಇಡೀ ಸಾಲಿಗೆ ಕೇಳಿಸಿರಬೇಕು. ಅವರು ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. ಮನೆಗೆ ಬರುವಷ್ಟರಲ್ಲಿ ಕೆಮ್ಮು ಹತ್ತಿ ಗೋಡೆ ಹಿಡಿದು ನಿಂತೆ.

ಈಗ ನನ್ನವರು ಅಂತ ಇರುವುದು ನೀನೊಬ್ಬಳೇ. ಒಂದು ಸಲ ಭೋಜನ್‌ಗೆ ಫೋನ್ ಮಾಡಿ ಬೇಡಿಕೋ. ಆವತ್ತು ಬೇಡ ಅಂದೆ, ಈಗ ನಾನೇ ಕೇಳುತ್ತಿದ್ದೇನೆ.

ಗೀತಾ


ಗೂಡಲೂರು
20 ಡಿಸೆಂಬರ್ 2024

ಗೀತಾ,

ಭೋಜನ್‌ಗೆ ಫೋನ್ ಮಾಡಿದ್ದೆ. ನೀನು ಈಗ ಕೇಳಿದ್ದಕ್ಕಲ್ಲ. ನಿನ್ನ ಹಿಂದಿನ ಕಾಗದ ಸೇರಿದ ದಿನವೇ, ಮನೆ ಹಿಡಿದಾಗ ನೀನು ಕೊಟ್ಟಿದ್ದ ನಂಬರಿಗೆ ಮಾಡಿದ್ದೆ. ಒಳಮನೆ ಖಾಲಿ ಮಾಡಿಸಿ ಎಂದು ಹೇಳಿದವಳು ನಾನು. ನನ್ನ ಹೆಸರು ಹೇಳಬೇಡಿ, ಹಬ್ಬದ ನೆಪ ಹೇಳಿ ಎಂದು ಹೇಳಿಕೊಟ್ಟವಳೂ ನಾನೇ. ಪಾಪ, ಆ ಮನುಷ್ಯನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದಕ್ಕೇ ನಿನ್ನ ಮುಖ ನೋಡಿಲ್ಲ.

ಮಲ್ಲಿಯಮ್ಮ ಏನೂ ಹೇಳಿಲ್ಲ. ನಾತದ ಬಗ್ಗೆ ಆ ಸಾಲಿನ ಒಬ್ಬರೂ ಭೋಜನ್ ಹತ್ತಿರ ದೂರಿಲ್ಲ. ಕೆಮ್ಮಿನ ಬಗ್ಗೆ ಹೇಳಿದ್ದಾರೆ. ಫೋನಿನಲ್ಲಿ ನನಗೆ ಕೇಳಬಾರದೆಂದು ನೀನು ಬಚ್ಚಿಟ್ಟ ಕೆಮ್ಮು ಆ ಅಟ್ಟದಲ್ಲಿ ಇಡೀ ಸಾಲಿಗೆ ಕೇಳುತ್ತಿತ್ತಂತೆ. ಮಜ್ಜಿಗೆ ನಿಲ್ಲಿಸಿದ್ದೂ ಅದಕ್ಕೇ ಇರಬೇಕು. ಕೆಮ್ಮುವವರಿಗೆ ಮಜ್ಜಿಗೆ ಯಾರು ಕೊಡುತ್ತಾರೆ?

ತಪ್ಪಾಯಿತು ಎಂದು ಬರೆಯಲು ಕೂತೆ. ಬರೆಯಲು ಬರುತ್ತಿಲ್ಲ. ನೀನು ಉಸಿರಿಗೆ ಒದ್ದಾಡುವುದಕ್ಕಿಂತ ನನ್ನನ್ನು ಬೈದುಕೊಂಡು ಬದುಕಿರುವುದು ಮೇಲು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಆದರೆ ನನ್ನಿಂದಾಗಿ ನೀನು ಒಬ್ಬ ಮುದುಕಿಯ ಮನೆಯೊಳಗೆ ಹೋಗಿ ಆ ಮಾತಾಡಿದೆ. ಅದನ್ನು ಓದಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಅವರ ಹತ್ತಿರ ಹೋಗು. ನನ್ನ ಹೆಸರು ಹೇಳು, ಎಲ್ಲ ನನ್ನ ಮೇಲೆ ಹಾಕು.

ಅಕ್ಕ


ಗೂಡಲೂರು
8 ಜನವರಿ 2025

ಗೀತಾ,

ಕಾಗದ ಇಲ್ಲ, ಫೋನೂ ಇಲ್ಲ. ಬಸ್ ಹತ್ತಲು ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ. ನೀನು ಬಾಗಿಲು ತೆಗೆಯದಿದ್ದರೆ ಏನು ಮಾಡಲಿ ಎಂದು. ಇದ್ದೇನೆ ಅಂತ ಒಂದು ಸಾಲು ಬರಿ, ಸಾಕು.

ಅಕ್ಕ


ಹಟ್ಟಿಯಿಂದ
22 ಜನವರಿ 2025

ಅಕ್ಕಾ,

ಇದ್ದೇನೆ.

ನಿನ್ನ ಕಾಗದ ಓದಿ ಹರಿದುಹಾಕಿದೆ. ಆಮೇಲೆ ಕೋತಗಿರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಎಕ್ಸ್-ರೇ ತೆಗೆದರು. ಸೆಂಥಿಲ್ ಹೇಳಿದ್ದೇ ಸರಿ. ಬೇಗ ಬಂದಿದ್ದೀರಿ, ಔಷಧಿಗೆ ಇಳಿಯುತ್ತದೆ, ಆದರೆ ಆ ಕೋಣೆಯೊಳಗೆ ಸದ್ಯಕ್ಕೆ ಕಾಲಿಡಬೇಡಿ ಅಂದರು. ಕಾಲಿಡಲು ಕೋಣೆ ಎಲ್ಲಿದೆ ಎಂದುಕೊಂಡು ಬಂದೆ.

ಮಲ್ಲಿಯಮ್ಮನ ಬಾಗಿಲಿಗೆ ಹೋದೆ. ನಿನ್ನ ಹೆಸರು ಹೇಳಲಿಲ್ಲ. ಆಡಿದ ಬಾಯಿ ನನ್ನದು. ತಪ್ಪಾಯಿತು ಅಂತ ಕಾಲು ಮುಟ್ಟಲು ಬಗ್ಗಿದರೆ, ಅವರು ಹಿಂದೆ ಸರಿದು, ಭೋಜನ್ ಮನೆಗೆ ಹೋಗೋಣ ಬಾ ಅಂದರು. ನನ್ನ ಮೇಲೆ ದೂರು ಹೇಳಲು ಕರೆದೊಯ್ಯುತ್ತಿದ್ದಾರೆ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಎರಡು ಕಡೆ ಕೂತು ಉಸಿರು ತೆಗೆದುಕೊಂಡೆ, ಅವರು ನಿಂತು ಕಾದರು. ಮೇಲೆ ಹೋಗಿ, ಭೋಜನ್ ಎದುರಿಗೆ ಸೊಂಟಕ್ಕೆ ಕೈ ಇಟ್ಟು ಹೇಳಿದರು: "ಈ ಹೆಣ್ಣು ಅಂದದ್ದು ನಿಜ. ಎಮ್ಮೆ ಇಲ್ಲೆ, ಹಾಲು ಇಲ್ಲೆ. ಬರೀ ಗೋಡೆಗ ಕಾವಲು ಯಾಕೆ? ಗಡಿಗೆಯ ನಿನ್ನ ಹೊಸ ಮನೆಗ ಕೊಂಡೋಗು. ಗೋಡೆಯ ಒಡೆ." ಭೋಜನ್ ಹಿರಿಯರನ್ನು ಕೇಳಬೇಕು ಅಂದರು. ಕೇಳು ಅಂದರು ಮಲ್ಲಿಯಮ್ಮ, ನಾನೂ ಬರುತ್ತೇನೆ ಕೇಳಲು ಅಂದರು.

ಹಿರಿಯರು ಒಪ್ಪಲು ಹಬ್ಬ ಮುಗಿಯಬೇಕಾಯಿತು. ಎಷ್ಟು ಜಗಳವಾಯಿತೋ, ನನಗೆ ಯಾರೂ ಹೇಳುವುದಿಲ್ಲ. ಹೋದ ಸೋಮವಾರ ಭೋಜನ್ ಸ್ನಾನ ಮಾಡಿ, ಬಿಳಿ ಬಟ್ಟೆ ಉಟ್ಟು, ಗಡಿಗೆಯನ್ನೂ ಹಾಲುಕೊಳವೆಯನ್ನೂ ಎರಡು ಕೈಯಲ್ಲಿ ಹಿಡಿದು ಹೊಸ ಮನೆಗೆ ನಡೆದರು. ಸಾಲಿನವರೆಲ್ಲ ಅಂಗಳದಲ್ಲಿ ಎದ್ದು ನಿಂತರು. ನನಗೆ ಅಳು ಬಂತು. ನನ್ನ ಒಂದು ಫ್ಯಾನಿಗಾಗಿ ಇವರು ಏನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಿತು.

ಆಮೇಲೆ ಹಾಲಿ ಎಂಬ ಮೇಸ್ತ್ರಿ ಬಂದು ಹಿಂಗೋಡೆ ಒಡೆದು ತೂತು ಮಾಡಿದ. ಧೂಳು ಇಳಿದ ಮೇಲೆ ಮಲ್ಲಿಯಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರು. ನಾನು ಡಾಕ್ಟರ ಮಾತಿಗೆ ಬಾಗಿಲಲ್ಲೇ ನಿಂತಿದ್ದೆ. ಹಾಲಿನ ಮೂಲೆಯ ಹೊಸಿಲ ಹತ್ತಿರ ಅವರ ಕಾಲು ನಿಂತುಬಿಟ್ಟಿತು. ಈ ಸಾಲಿಗೆ ಸೊಸೆಯಾಗಿ ಬಂದು ಕೂದಲು ನರೆತಿದೆ, ಒಂದು ದಿನವೂ ಇಂಥ ಹೊಸಿಲು ದಾಟಿದವರಲ್ಲ. ತುಂಬಾ ಹೊತ್ತು ನಿಂತು, ಆಮೇಲೆ ದಾಟಿ ಒಳಗೆ ಹೋಗಿ ಆ ತೂತಿಗೆ ಮುಖ ಕೊಟ್ಟರು. ಹಿಂದಿನ ಚಹಾ ತೋಟ, ಅದರಾಚೆಯ ಕಣಿವೆ ಎಲ್ಲ ಅಲ್ಲಿಂದ ಕಾಣುತ್ತದೆ. "ಇದ ನಾ ಕಂಡದೇ ಇಲ್ಲೆ" ಅಂದರು. ಖುಷಿಯೋ ದುಃಖವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ನಾನು ಹುಷಾರಾಗುವವರೆಗೆ ಅಣಬೆ ಕೊಯ್ಯುವುದು ಅವರೇ. ಒಂದು ಪಾಲು ಅವರಿಗೆ. ನಾನು ಮಲಗುವುದು ಅವರ ಮನೆಯ ಮುಂಭಾಗದಲ್ಲಿ, ಬಲವಂತ ಮಾಡಿ ಹಾಸಿಗೆ ಸಾಗಿಸಿದರು. ಕೋಣೆ ಉಳಿಯಿತು ಅಕ್ಕಾ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನೀನು ಫೋನ್ ಮಾಡಿರದಿದ್ದರೆ ನಾನು ಡಾಕ್ಟರ ಹತ್ತಿರ ಹೋಗುತ್ತಿರಲಿಲ್ಲ, ಇದು ನಿಜ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಬದುಕು ಖಾಲಿ ಮಾಡಿಸಲು ಹೊರಟೆ, ಇದೂ ನಿಜ. ಎರಡರಲ್ಲಿ ಒಂದನ್ನು ಮರೆಯಲು ನೋಡಿದೆ, ಆಗಲಿಲ್ಲ.

ಪೈಪು ಹಿಂಗೋಡೆಗೆ ಸರಿಯಾಗಿ ಕೂರುತ್ತಿಲ್ಲ. ನೀನೇ ಬಂದು ಕೂರಿಸಬೇಕು. ಹೊರಡುವ ಮುಂಚೆ ಫೋನ್ ಮಾಡು. ಭೋಜನ್‌ಗಲ್ಲ, ನನಗೆ. ಎತ್ತುತ್ತೇನೆ. ಮಾತಿನ ನಡುವೆ ಕೆಮ್ಮು ಬಂದರೆ ಕೆಮ್ಮುತ್ತೇನೆ, ಅದು ನಿಲ್ಲುವವರೆಗೂ ನೀನು ಏನೂ ಹೇಳದೆ ಕೇಳಿಸಿಕೊಂಡಿರಬೇಕು.

ಗೀತಾ